ಇಂಗ್ಲೆಂಡಲ್ಲಿ ಬಸುರಿಯಾದ್ರೆ ಐರನ್ ಮಾತ್ರೆ ಯಾರೂ ತಾವಾಗೇ ಕೊಡಲ್ಲ

ಊರಲ್ಲಾದ್ರೆ ಆಶಾ ಅಕ್ಕ ತಾಯಿ ಕಾರ್ಡ್ ಮಾಡಿಸ್ತಾರೆ, ಮೂರು ತಿಂಗ್ಳು ಕಳೀತಿದ್ದಂಗೆ ಐರನ್ ಮಾತ್ರೆ ಕೈಗೆ ಬರುತ್ತೆ, ರಕ್ತ ಕಮ್ಮಿ ಇರ್ಲಿ ಬಿಡ್ಲಿ. ಇಲ್ಲಿ ಹಂಗಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ 12 ವಾರದ ತನಕ, ಜೊತೆಗೆ ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ, ಅಷ್ಟೇ ಹೇಳೋದು. ಐರನ್ ಬೇಕಾ ಬೇಡ್ವಾ ಅಂತ ಬ್ಲಡ್ ಟೆಸ್ಟ್ ನೋಡೇ ಹೇಳ್ತಾರೆ.

ಲೇಡಿ ಡಾಕ್ಟರ್‌ನ ಹುಡುಕ್ಬೇಡಿ, ಎಲ್ಲಾ ನಾರ್ಮಲ್ ಇದ್ರೆ ಮಿಡ್‌ವೈಫೇ (ಬಸುರಿ-ಬಾಣಂತನಕ್ಕಂತಲೇ ಟ್ರೈನಿಂಗ್ ಆದೋರು) ನೋಡ್ಕೊಳ್ಳೋದು. ಆಸ್ಪತ್ರೆ ವೆಬ್‌ಸೈಟಲ್ಲಿ ನೀವೇ ಫಾರ್ಮ್ ತುಂಬ್ಬಹುದು, ಇಲ್ಲಾ ಜಿಪಿ ಸರ್ಜರಿಗೆ, ಅಂದ್ರೆ ನಿಮ್ಮ ಏರಿಯಾ ಡಾಕ್ಟರ್ ಕ್ಲಿನಿಕ್ಕಿಗೆ, ಫೋನ್ ಮಾಡಿ. 10 ವಾರದೊಳಗೆ ಬುಕಿಂಗ್ ಅಪಾಯಿಂಟ್‌ಮೆಂಟ್ (ಮಿಡ್‌ವೈಫ್ ಜೊತೆ ಮೊದಲ ಭೇಟಿ) ಆಗ್ಬೇಕು, ಮೂರು ತಿಂಗ್ಳು ತುಂಬೋವರೆಗೂ ಯಾರಿಗೂ ಹೇಳ್ಬಾರ್ದು ಅನ್ನೋ ಶಾಸ್ತ್ರ ಮಿಡ್‌ವೈಫ್‌ಗೆ ಲಾಗೂ ಇಲ್ಲ. ಅವತ್ತೇ ಹೀಮೋಗ್ಲೋಬಿನ್ ನೋಡ್ತಾರೆ, ಥಲಸ್ಸೀಮಿಯಾ (ವಂಶದಲ್ಲಿ ಬರೋ ರಕ್ತದ ಕಾಯಿಲೆ) ಟೆಸ್ಟೂ ಇರುತ್ತೆ, ನೀವು ಕ್ಯಾರಿಯರ್, ಅಂದ್ರೆ ಮಗುಗೆ ದಾಟಿಸ್ಬಹುದಾದೋರು, ಅಂತ ಬಂದ್ರೆ ಗಂಡನ್ನೂ ಟೆಸ್ಟಿಗೆ ಕರೀತಾರೆ. ಆಮೇಲೆ 28 ವಾರಕ್ಕೆ ಇನ್ನೊಂದ್ಸಲ ರಕ್ತ.

ರಿಪೋರ್ಟ್ ಓದೋವಾಗ ಒಂದು ತಮಾಷೆ. ನನ್ನ ಹೀಮೋಗ್ಲೋಬಿನ್ 102 ಅಂದಿದ್ದಕ್ಕೆ ಅಮ್ಮ ಫೋನಲ್ಲೇ "ಅಯ್ಯೋ, ಅಷ್ಟೊಂದಾ!" ಅಂದ್ರು. ಇಲ್ಲಿ ಒಂದು ಲೀಟರ್ ರಕ್ತಕ್ಕೆ ಎಷ್ಟು ಗ್ರಾಂ ಅನ್ನೋ ಲೆಕ್ಕ, ನಮ್ಮೂರ ಲೆಕ್ಕಕ್ಕೆ ಅದು 10.2. ಮೊದಲ ಮೂರು ತಿಂಗಳಲ್ಲಿ 110ಕ್ಕಿಂತ ಕಮ್ಮಿ, ಆಮೇಲೆ 105ಕ್ಕಿಂತ ಕಮ್ಮಿ ಇದ್ರೆ ಅನೀಮಿಯಾ ಅಂತಾರೆ. "ನಾವೇ ಫೋನ್ ಮಾಡ್ತೀವಿ" ಅಂದ್ರು ಅಂತ ಸುಮ್ನೆ ಕೂರ್ಬೇಡಿ, ನಿಮ್ಮ ಹೀಮೋಗ್ಲೋಬಿನ್ ಎಷ್ಟು ಬಂತು ಅಂತ ನೀವೇ ಕೇಳಿ ತಿಳ್ಕೊಳ್ಳಿ. ಸಸ್ಯಾಹಾರಿ ಆಗಿದ್ರೆ, ಸುಸ್ತಿದ್ರೆ, ಫೆರಿಟಿನ್ನೂ (ಮೈಯಲ್ಲಿ ಕೂಡಿಟ್ಟಿರೋ ಐರನ್ ಲೆಕ್ಕ) ನೋಡ್ತೀರಾ ಅಂತ ಕೇಳಿ, 30ಕ್ಕಿಂತ ಕೆಳಗಿದ್ರೆ ಮೈಯಲ್ಲಿ ಐರನ್ ಖಾಲಿ ಆಗ್ತಿದೆ ಅಂತ.

ಮಾತ್ರೆ ಬರ್ಕೊಟ್ರೆ ಖಾಲಿ ಹೊಟ್ಟೇಲಿ, ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಲೋಟ ಕಿತ್ತಳೆ ಜ್ಯೂಸ್ ಜೊತೆ. ನಾನು ಎರಡು ವಾರ ಬೆಳಗ್ಗೆ ಫಿಲ್ಟರ್ ಕಾಫಿ ಜೊತೆಗೇ ನುಂಗ್ತಿದ್ದೆ, ಕಾಫಿ, ಟೀ, ಹಾಲು ಮೂರೂ ಐರನ್ ಹೀರ್ಕೊಳಕ್ಕೆ ಬಿಡಲ್ಲ ಅಂತ ಮಿಡ್‌ವೈಫ್ ಹೇಳಿದ್ಮೇಲೇ ಗೊತ್ತಾಗಿದ್ದು. ಮಲ ಕಪ್ಪಗಾಗುತ್ತೆ, ಹೆದರ್ಬೇಡಿ. ಮಲಬದ್ಧತೆ ಜಾಸ್ತಿ ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಬೇರೆ ಮಾತ್ರೆ ಕೇಳಿ. ಹುರುಳಿಕಾಳು ಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡ್ಕೊಂಡು ತಿನ್ನಿ, ಆದ್ರೆ ರಕ್ತ ಕಮ್ಮಿ ಆದ್ಮೇಲೆ ಊಟ ಒಂದರಿಂದ್ಲೇ ಏರಲ್ಲ. ಎರಡ್ಮೂರು ವಾರಕ್ಕೆ ಮತ್ತೆ ಟೆಸ್ಟ್ ಮಾಡ್ತಾರೆ, ಏರ್ದೇ ಇದ್ರೆ ಡ್ರಿಪ್ಪಲ್ಲಿ ಐರನ್ ಕೊಡೋದೂ ಉಂಟು.

ದುಡ್ಡಿನ ವಿಷ್ಯ: ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ರೆ ಇದೆಲ್ಲಾ ಫ್ರೀ. ಮಿಡ್‌ವೈಫ್ ಹತ್ರ ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ (ಮಾತ್ರೆ ಚಾರ್ಜ್ ಮಾಫಿ ಪತ್ರ) ಕೇಳಿ, ಡ್ಯೂ ಡೇಟ್ ಆಗಿ 12 ತಿಂಗಳವರೆಗೂ ಮಾತ್ರೆಗೆ ಕಾಸು ಕೊಡೋ ಹಾಗಿಲ್ಲ.