ಕೆರೆ ನೀರಿನ ಮಾದರಿಗೆ ಸತು ಬೆರೆಸುತ್ತಿದ್ದ ಸಿರಿಂಜ್

ಬೆಳ್ಳಂದೂರು ಕೆರೆಯ ನೀರಿನಲ್ಲಿ ಕರಗಿದ ಲೋಹಗಳನ್ನು, ಅತ್ಯಲ್ಪ ಪ್ರಮಾಣದ ಲೋಹವನ್ನೂ ಪತ್ತೆಹಚ್ಚುವ ಯಂತ್ರವಾದ ಐಸಿಪಿ-ಎಂಎಸ್‌ನಲ್ಲಿ ಅಳೆಯುವಾಗ, ಹೋಲಿಕೆಗೆಂದು ದಂಡೆಯಲ್ಲೇ ಸೋಸಿ ತಂದ ಶುದ್ಧ ನೀರಿನಲ್ಲೂ ಸತು ಕಾಣಿಸುತ್ತಿತ್ತು. ಬಾಟಲಿ ಬದಲಾಯಿಸಿದರೂ, ಹೊಸ ನೈಟ್ರಿಕ್ ಆಮ್ಲ ತಂದರೂ, ಯಂತ್ರ ತೊಳೆದರೂ ಅಷ್ಟೇ.

ಶುದ್ಧ ನೀರನ್ನು ಪ್ರತಿ ಹಂತದ ಬಳಿಕ ಬೇರೆಯಾಗಿ ಅಳೆದಾಗ ಕಳ್ಳ ಸಿಕ್ಕಿದ: ಸಿರಿಂಜಿನ ಒತ್ತುವ ಕಡ್ಡಿಯ ತುದಿಯಲ್ಲಿರುವ ಕಪ್ಪು ರಬ್ಬರ್. ರಬ್ಬರ್ ತಯಾರಿಕೆಯಲ್ಲಿ ಸತುವಿನ ಆಕ್ಸೈಡ್ ಬಳಸುತ್ತಾರೆ. ರಬ್ಬರಿಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ಹಿಡಿದ ಮೇಲೆ ಸತು ಮಾಯ.

ಈಗ ಬಾಟಲಿಗಳನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆಯುತ್ತೇನೆ. ದಂಡೆಯಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೊದಲ 20 ಮಿ.ಲೀ. ಚೆಲ್ಲುತ್ತೇನೆ. ಆಮೇಲಷ್ಟೇ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಆಮ್ಲ. ಸೋಸುವ ಮೊದಲೇ ಆಮ್ಲ ಹಾಕಿದರೆ ಕೆಸರಿಗಂಟಿದ ಲೋಹವೂ ಕರಗಿ ಲೆಕ್ಕ ಸೇರುತ್ತದೆ. ಪುಡಿ ಬಳಿದ ಕೈಗವಸನ್ನಂತೂ ಹತ್ತಿರ ಸುಳಿಯಗೊಡಬೇಡಿ.