99 ಡೆಸಿಬೆಲ್ ಮಿತಿ: ನಾನು ಕಟ್ಟಿದ ಕಾರಿನ ಸದ್ದು ಇಳಿಸಿದ ಬಗೆ

ಕಾರು ಕಟ್ಟಲು ಮೂರು ಚಳಿಗಾಲ ಹಿಡಿಯಿತು. ಅದರ ಸದ್ದು ಇಳಿಸಲು ಇನ್ನೂ ಐದು ವಾರ. ಆ ಐದು ವಾರಗಳಲ್ಲಿ ಕಲಿತಷ್ಟನ್ನು ಮೂರು ಚಳಿಗಾಲದಲ್ಲಿ ಕಲಿತಿರಲಿಲ್ಲ, ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಕವೆಂಟ್ರಿ ಹತ್ತಿರ. 1996ರ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಕೊಂಡು, ಪೂರ್ತಿ ಬಿಚ್ಚಿ, ಅದರ 1.8 ಲೀಟರ್ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳನ್ನು ಚೌಕ ಪೈಪಿನ ಚಾಸಿಗೆ ಕೂರಿಸಿದೆ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಎಕ್ಸಾಸ್ಟ್, ಅಂದರೆ ಹೊಗೆ ಪೈಪು, ಎಡಬದಿಯಲ್ಲಿ ಹೊರಗೇ ಓಡುತ್ತದೆ, ಹಿಂದಿನ ಚಕ್ರದ ಮುಂದೆ ಮುಗಿಯುತ್ತದೆ. ನೋಡಲು ಚೆಂದ. ಆದರೆ ಸೈಲೆನ್ಸರ್‌ಗೆ ಸಿಗುವ ಜಾಗ ಬಹಳ ಕಡಿಮೆ, ತೊಂದರೆಯ ಬೇರು ಅಲ್ಲೇ ಇದೆ.

ಇಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಐವಿಎ ಎಂಬ ಪರೀಕ್ಷೆ ಪಾಸಾಗಬೇಕು. 2009ರಲ್ಲಿ ಹಳೆಯ ಎಸ್‌ವಿಎ ಹೋಗಿ ಇದು ಬಂತು. ಈಗ ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತದೆ. ನಾನು 450 ಪೌಂಡ್ ಶುಲ್ಕ ಕಟ್ಟಿದೆ. ಪರೀಕ್ಷಕರು ಗಂಟೆಗಟ್ಟಲೆ ಕಾರಿನ ಇಂಚಿಂಚೂ ನೋಡುತ್ತಾರೆ. ಹೊರಗೆ ಚಾಚಿದ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿರಬೇಕು. ತಿರುವಿನಲ್ಲಿ ಹಿಡಿತ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರದತ್ತ ಮರಳಬೇಕು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಇವಕ್ಕೆಲ್ಲ ನಾನು ತಿಂಗಳುಗಟ್ಟಲೆ ತಯಾರಾಗಿದ್ದೆ. ಸದ್ದಿಗೆ ಕೊಟ್ಟದ್ದು ಒಂದೇ ಮಧ್ಯಾಹ್ನ.

ಸದ್ದು ಅಳೆಯುವುದು ಕಾರು ನಿಂತಿರುವಾಗ. ಎಕ್ಸಾಸ್ಟ್ ತುದಿಯಿಂದ ಅರ್ಧ ಮೀಟರ್ ದೂರ, ಹೊಗೆ ಹೊರಡುವ ದಿಕ್ಕಿಗೆ 45 ಡಿಗ್ರಿ ಕೋನದಲ್ಲಿ, ತುದಿಯ ಎತ್ತರಕ್ಕೇ ಮೀಟರ್ ಇಡುತ್ತಾರೆ. ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವ ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಮುಕ್ಕಾಲಿಗೆ ರೇಸ್ ಕೊಟ್ಟು ಹಿಡಿಯಬೇಕು. ನನ್ನ ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು 6,500ರಲ್ಲಿ, ಅಂದರೆ ಪರೀಕ್ಷೆಗೆ 4,875. ಮಿತಿ 99 ಡೆಸಿಬೆಲ್.

ಮನೆಯಲ್ಲಿ ಫೋನಿನ ಆ್ಯಪ್ ಹಿಡಿದು ನೋಡಿದಾಗ 94 ಬಂದಿತ್ತು. ನೆಮ್ಮದಿಯಿಂದ ಕಾರನ್ನು ಟ್ರೈಲರ್ ಮೇಲೆ ಏರಿಸಿಕೊಂಡು ಹೋದೆ. ಪರೀಕ್ಷಕರ ಮೀಟರ್ 102 ತೋರಿಸಿತು. ಉಳಿದಂತೆ ಸಿಕ್ಕಿಬಿದ್ದದ್ದು ಡ್ಯಾಶ್‌ಬೋರ್ಡಿನ ಕೆಳಗಿನ ಒಂದು ಚೂಪು ಅಂಚು ಮಾತ್ರ. ಅದಕ್ಕೆ ರಬ್ಬರ್ ಪಟ್ಟಿ ಒತ್ತಿದರೆ ಮುಗಿಯಿತು.

ಫೋನಿನ ಮೈಕು ಮಾತಿಗೆಂದು ಮಾಡಿದ್ದು. ಅಷ್ಟು ಹತ್ತಿರದ, ಅಷ್ಟು ಜೋರಿನ ಸದ್ದಿಗೆ ಅದು ಒಂದು ಮಟ್ಟದಲ್ಲೇ ನಿಂತುಬಿಡುತ್ತದೆ. ಪರಿಚಯದವರೊಬ್ಬರಿಂದ ನಿಜವಾದ ಸೌಂಡ್ ಮೀಟರನ್ನೂ ಅದರ ಕ್ಯಾಲಿಬ್ರೇಟರನ್ನೂ ಎರವಲು ತಂದೆ. ಕ್ಯಾಲಿಬ್ರೇಟರ್ ಎಂದರೆ 1,000 ಹರ್ಟ್ಜ್‌ನಲ್ಲಿ ಸರಿಯಾಗಿ 94 ಡೆಸಿಬೆಲ್ ಕೂಗುವ ಪುಟ್ಟ ಡಬ್ಬಿ. ಮೀಟರಿನ ಮೂತಿಗೆ ಅದನ್ನು ಸಿಕ್ಕಿಸಿ, ಓದು ಸರಿಯಿದೆಯೇ ಎಂದು ಮೊದಲು ನೋಡಬೇಕು. ಗ್ಯಾರೇಜಿನ ಗೋಡೆ ಪಕ್ಕ ಅಳೆದರೆ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ, ಅಂಕಿ ಏರುತ್ತದೆ. ಹಾಗಾಗಿ ಕಾರನ್ನು ಅಂಗಳದ ನಡುವಿಗೆ ತಳ್ಳಿಕೊಂಡು ಹೋದೆವು. ಮಗಳು ಸೀಟಿನಲ್ಲಿ ಕೂತು ಆಕ್ಸಲರೇಟರ್ ಒತ್ತುತ್ತಿದ್ದಳು, ಇಬ್ಬರ ಕಿವಿಗೂ ಮಫ್. “ಅಪ್ಪಾ, 4,900 ಆಯ್ತು, ಬಿಡ್ಲಾ?” ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದಳು. ಮೀಟರ್ 102.3 ತೋರಿಸಿತು. ಪರೀಕ್ಷಕರ ಅಂಕಿಗೂ ನಮ್ಮದಕ್ಕೂ ತಾಳೆಯಾದದ್ದೇ ಮೊದಲ ಗೆಲುವು.

ಮೂರು ಡೆಸಿಬೆಲ್ ಎಂದರೆ ಅಲ್ಪ ಎನಿಸುತ್ತದೆ. ಆದರೆ ಮೂರು ಇಳಿಯಬೇಕಾದರೆ ಹೊರಬರುವ ಸದ್ದಿನ ಶಕ್ತಿ ಅರ್ಧಕ್ಕೆ ಇಳಿಯಬೇಕು. ಎಲ್ಲಿಂದ ಅರ್ಧ ಕಳೆಯುವುದು? ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 4,875 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ ಸುಮಾರು 162 ಸಲ. ನಮ್ಮ ಎದೆಗೆ ತಟ್ಟುವ ಗುಡುಗು ಅದೇ. ಆದರೆ ಪರೀಕ್ಷೆಯ ಮೀಟರ್ ‘ಎ’ ತೂಕದಲ್ಲಿ ಓದುತ್ತದೆ, ಮನುಷ್ಯರ ಕಿವಿಯಂತೆ ತಗ್ಗಿನ ಸ್ವರಗಳಿಗೆ ಬೆಲೆ ಕಡಿಮೆ ಕೊಡುತ್ತದೆ. 160 ಹರ್ಟ್ಜ್ ಹತ್ತಿರ ಸುಮಾರು 13 ಡೆಸಿಬೆಲ್ ಕಳೆದೇ ಲೆಕ್ಕ ಹಿಡಿಯುತ್ತದೆ. ಅಂದರೆ ನಾನು ಕೊಲ್ಲಬೇಕಾಗಿದ್ದು ಗುಡುಗನ್ನಲ್ಲ, ಅದರ ಮೇಲೇರಿ ಬರುವ ಚರಚರ ಸದ್ದನ್ನು. ಇದು ಹೊಳೆಯುವ ಮುಂಚೆ ಎರಡು ವಾರ ಪೈಪಿನ ಉದ್ದ ಹೆಚ್ಚಿಸುವ ಲೆಕ್ಕದಲ್ಲೇ ಕಳೆದಿದ್ದೆ.

ಚರಚರ ಸದ್ದಿಗೆ ಮೊದಲ ಅನುಮಾನ ಸೋರಿಕೆಯ ಮೇಲೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಎಕ್ಸಾಸ್ಟ್ ತುದಿಗೆ ಒದ್ದೆ ಬಟ್ಟೆಯ ಉಂಡೆ ಅರೆಕ್ಷಣ ಒತ್ತಿ ಹಿಡಿದೆ. ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್ ಕೆಳಗಿನ ಜಾಯಿಂಟಿನಿಂದ ‘ಸುಸ್’ ಎಂದಿತು. ಸೋಪಿನ ನೀರು ಹಚ್ಚಿದರೆ ಗುಳ್ಳೆ. ಪೈಪುಗಳನ್ನು ಜೋಡಿಸುವ ಚಪ್ಪಟೆ ತಟ್ಟೆ, ಅಂದರೆ ಫ್ಲ್ಯಾಂಜ್, ವೆಲ್ಡಿಂಗ್ ಬಿಸಿಗೆ ಸ್ವಲ್ಪ ಬಾಗಿತ್ತು, ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಒಂದು ಬದಿ ಮಾತ್ರ ಕಚ್ಚಿತ್ತು. ಅರದಿಂದ ಸಮ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದಾಗ 100.6ಕ್ಕೆ ಇಳಿಯಿತು. ಮಿತಿಯ ಒಳಗೆ ಇನ್ನೂ ಬರಲಿಲ್ಲ.

ಆಮೇಲೆ ಸೈಲೆನ್ಸರ್. ಹೊಸದಾಗಿಯೇ ಕೊಂಡದ್ದು, ಆದ್ದರಿಂದ ಬಿಚ್ಚುವ ಯೋಚನೆಯೇ ಬಂದಿರಲಿಲ್ಲ. ರಿವೆಟ್‌ಗಳನ್ನು ಡ್ರಿಲ್ ಮಾಡಿ ಮುಚ್ಚಳ ತೆಗೆದರೆ, ಒಳಗಿನ ತೂತು ಪೈಪಿನ ಸುತ್ತ ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥದ್ದು) ಅರ್ಧ ಉದ್ದಕ್ಕಷ್ಟೇ ಇತ್ತು. ಉಳಿದರ್ಧ ಬರಿದು. ಸದ್ದು ಆ ತೂತುಗಳಿಂದ ವೂಲ್ ಒಳಗೆ ನುಗ್ಗಿ, ಎಳೆಗಳ ನಡುವಿನ ಗಾಳಿಯನ್ನು ಅಲ್ಲಾಡಿಸುತ್ತಾ ಉಜ್ಜಿ ಶಾಖವಾಗಬೇಕು. ಎತ್ತರದ ಸ್ವರಗಳೇ ಹೀಗೆ ಹೆಚ್ಚು ಸಾಯುತ್ತವೆ. ವೂಲ್ ಇಲ್ಲದಲ್ಲಿ ಇದಾವುದೂ ನಡೆಯುವುದಿಲ್ಲ.

ತೂತು ಪೈಪಿಗೆ ಮೊದಲು ಸ್ಟೀಲ್ ವೂಲಿನ ತೆಳು ಪದರ ಸುತ್ತಿದೆ, ಹೊಗೆಯ ಹೊಡೆತಕ್ಕೆ ಒಳಗಿನ ಎಳೆಗಳು ಹಾರಿಹೋಗದಂತೆ. ಅದರ ಮೇಲೆ ಉದ್ದ ಎಳೆಯ ಗ್ಲಾಸ್ ಫೈಬರ್ ಸುತ್ತಿ, ಡಬ್ಬಿಯೊಳಗೆ ತಳ್ಳಲು ಎರಡೂ ಕೈ ಬಲ ಬೇಕಾಗುವಷ್ಟು ದಪ್ಪ ಮಾಡಿದೆ. ಕೈಗವಸು, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ತುದಿಗೆ ಬಿರಡೆಯಂಥದ್ದು ಸಿಕ್ಕಿಸಿ ಪಾಸಾಗಿ, ಮನೆಗೆ ಬಂದು ಕೀಳುವವರಿದ್ದಾರೆ. ನನಗೆ ಅದು ತಪ್ಪು ಎನಿಸುತ್ತದೆ. ಬೀದಿಯ ಜನ ಕೇಳುವುದು ಪರೀಕ್ಷೆಯ ದಿನದ ಸದ್ದನ್ನಲ್ಲ.

ಅಂಗಳದಲ್ಲಿ 96.9 ಬಂತು. 90 ಪೌಂಡ್ ಕೊಟ್ಟು ಮರುಪರೀಕ್ಷೆಗೆ ಹೋದಾಗ 97.1. ಪ್ರಮಾಣಪತ್ರ ಕೈಗೆ ಬಂತು.

ಫೋಟೋ ನೋಡಿ ಹುಬ್ಬಳ್ಳಿಯಿಂದ ಚಿಕ್ಕಪ್ಪನ ಮಗ ಕೇಳಿದ, “ಅಣ್ಣಾ, ಇದನ್ನ ಇಲ್ಲೂ ಕಟ್ಟಬಹುದೇನು?” ಕಟ್ಟಬಹುದು, ಆದರೆ ನೋಂದಣಿ ಕಷ್ಟ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೊಸದಾಗಿ ತಯಾರಿಸಿದ್ದಾದರೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಕಾರ್ಖಾನೆಯವರಂತೆಯೇ ಮಾದರಿ ವಾಹನದ ಪರೀಕ್ಷೆ ಮಾಡಿಸಬೇಕು. ಒಂದೇ ಕಾರು ಕಟ್ಟುವ ಹವ್ಯಾಸಿಗೂ ನಮ್ಮ ಊರಲ್ಲಿ ಒಂದು ಬಾಗಿಲು ತೆರೆಯಲಿ ಎಂಬುದು ನನ್ನ ನಿಜವಾದ ಆಸೆ.

ಕಳೆದ ತಿಂಗಳು ಸೈಲೆನ್ಸರ್ ಮತ್ತೆ ಬಿಚ್ಚಿದೆ. ಎರಡು ಬೇಸಿಗೆ ಓಡಿದ ಮೇಲೆ ಎಂಜಿನ್ ಕಡೆಯ ತುದಿಯಲ್ಲಿ ವೂಲ್ ಕಪ್ಪಾಗಿ ಪುಡಿಯಾಗಿತ್ತು. ಮೀಟರ್ 98.4 ತೋರಿಸುತ್ತಿತ್ತು. ಹೊಸ ವೂಲ್ ತರಿಸಿದ್ದೇನೆ, ಈ ಭಾನುವಾರ ಮಗಳೂ ನಾನೂ ತುಂಬುತ್ತೇವೆ.