ಸೈಟು ಅವರದು, ಕಾಸು ನಮ್ಮದು, ಫ್ಲ್ಯಾಟು ಮೂರು ಮೂರು

"ಬೇರೆಯವರ ಸೈಟಲ್ಲಿ ಮನೆ ಕಟ್ತಾನಂತೆ, ಇವನಿಗೇನು ಹುಚ್ಚಾ?" ಇದು ನಮ್ಮ ಮಾವನವರ ಮಾತು. ಹೋದ ತಿಂಗಳು ಅವರೇ ಫೋನ್ ಮಾಡಿ, ತಮ್ಮ ಸ್ನೇಹಿತರ ಸೈಟಿಗೆ ಜೆಡಿ ಮಾಡ್ತೀರಾ ಅಂತ ಕೇಳಿದರು. ಜೆಡಿ ಅಂದರೆ ಜಾಯಿಂಟ್ ಡೆವಲಪ್‌ಮೆಂಟ್: ಸೈಟು ಅವರದು, ಕಟ್ಟೋ ಖರ್ಚು ನಮ್ಮದು, ಕಟ್ಟಿದ ಫ್ಲ್ಯಾಟು ಇಬ್ಬರಿಗೂ ಪಾಲು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಕೈ ಸುಟ್ಟುಕೊಂಡೆ. ಪಿತ್ರಾರ್ಜಿತ ಸೈಟು, ಇಸಿ (ಆಸ್ತಿ ಮೇಲೆ ಸಾಲ, ಮಾರಾಟ ಏನಾಗಿದೆ ಅಂತ ತೋರಿಸೋ ಪತ್ರ) ಕ್ಲೀನ್, ಖಾತೆ ಆ ಮನೆಯ ಅಣ್ಣನ ಹೆಸರಲ್ಲಿ. "ತಂಗಿಗೆ ಮದುವೇಲೇ ಎಲ್ಲಾ ಕೊಟ್ಟಾಯ್ತು ಸಾರ್" ಅಂದರು. ನಂಬಿ 3 ಲಕ್ಷ ಅಡ್ವಾನ್ಸ್ ಕೊಟ್ಟೆ. ತಂಗಿ ದಾವಣಗೆರೆಯಿಂದ ವಕೀಲರ ನೋಟಿಸ್ ಕಳಿಸಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಮಗಳಿಗೂ ಸಮಪಾಲು ಅಲ್ವಾ, ಅವರದ್ದೇನೂ ತಪ್ಪಿಲ್ಲ. ವಂಶವೃಕ್ಷ ನೋಡದೆ ದುಡ್ಡು ಬಿಚ್ಚಿದ್ದು ನಾನು. ಎರಡು ವರ್ಷ ಅಲೆದ ಮೇಲೆ ಒಂದೂವರೆ ಲಕ್ಷ ವಾಪಸ್ ಬಂತು.

ಎರಡನೇದು ಮೈಸೂರಿನ ಬೋಗಾದಿ ಕಡೆ, 50×80. ಹಳೇ ಶೀಟಿನ ಮನೆ, ರಿಟೈರ್ಡ್ ಮೇಷ್ಟ್ರು, ಸ್ವಯಾರ್ಜಿತ ಆಸ್ತಿ. ಇಂಥ ಸೈಟು ಎಲ್ಲಿ ಹುಡುಕ್ತೀಯ ಅಂತ ಎಲ್ಲರೂ ಕೇಳ್ತಾರೆ. ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ. ಬ್ರೋಕರ್ ಮೂಲಕ ಅಂತೂ ಅಲ್ಲ.

ನಾಲ್ಕು ತಿಂಗಳು ಅವರ ಮನೆಯಲ್ಲಿ ಕಾಫಿ ಕುಡಿದೆ. ಆರು ಫ್ಲ್ಯಾಟಲ್ಲಿ ನಾಲ್ಕು ನಮಗೆ ಅಂದರು, ಕೊನೆಗೆ ಮೂರು ಮೂರಕ್ಕೆ ಒಪ್ಪಿದರು. ಪಾಲಿಗಿಂತ ಜಾಸ್ತಿ ಜಗ್ಗಾಟ ಆಗಿದ್ದು ಪೂರ್ವದ ಬಾಗಿಲಿಗೆ. ಮೂರೂ ಪೂರ್ವದ್ದೇ ಬೇಕಂತೆ! ಮೇಷ್ಟ್ರ ಹೆಂಡತಿದು ಒಂದೇ ಮಾತು: "ಹಿತ್ತಲ ಕರಿಬೇವಿನ ಗಿಡ ಕಡೀಬಾರದು ನೋಡಪ್ಪ." ಆ ಗಿಡ ಉಳಿಸೋಕೆ ಒಂದು ಪಿಲ್ಲರ್ ಒಂದೂವರೆ ಅಡಿ ಸರಿಸಿದೆ, ಪೂರ್ವದ ಜಗಳ ಅಲ್ಲಿಗೇ ತಣ್ಣಗಾಯಿತು. ಎರಡು ಪೂರ್ವದ್ದು ತಗೊಂಡರು. ಯಾವ ಫ್ಲ್ಯಾಟು ಯಾರಿಗೆ ಅನ್ನೋದನ್ನ ನಂಬರ್ ಸಮೇತ ಕರಾರಲ್ಲೇ ಬರೆಸಿದೆ. ಜೆಡಿಎ (ಜೆಡಿ ಕರಾರು), ಜಿಪಿಎ (ಅವರ ಪರವಾಗಿ ಸಹಿ ಹಾಕೋ ಅಧಿಕಾರ ಪತ್ರ) ಎರಡೂ ರಿಜಿಸ್ಟರ್. ಮಕ್ಕಳಿಬ್ಬರ ಸಹಿನೂ ಹಾಕಿಸಿದೆ, ಬೇಕಿರಲಿಲ್ಲ, ಆದರೂ. ಇನ್ನೊಂದು ಷರತ್ತು ಸೇರಿಸಿದ್ದೇನೆ, ಅದನ್ನ ಇಲ್ಲಿ ಹೇಳಲ್ಲ. ಜಾಗ 500 ಚದರ ಮೀಟರ್ ಒಳಗೆ ಇರೋದರಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕಾಗಲಿಲ್ಲ. ಮೇಷ್ಟ್ರಿಗೆ ಟ್ಯಾಕ್ಸ್ ಭಯ ಇತ್ತು. ಕ್ಯಾಪಿಟಲ್ ಗೇನ್ಸ್ (ಆಸ್ತಿ ಕೈ ಬದಲಾದಾಗಿನ ಲಾಭದ ಮೇಲಿನ) ಟ್ಯಾಕ್ಸ್ ಬರೋದು ಸಹಿ ಹಾಕಿದ ವರ್ಷ ಅಲ್ಲ, ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ, ಆದರೆ ಅದಕ್ಕೆ ಮೊದಲೇ ನಿಮ್ಮ ಪಾಲು ಮಾರಬೇಡಿ ಅಂತ ಆಡಿಟರ್ ಕೈಲೇ ಹೇಳಿಸಿದೆ.

ದುಡ್ಡು ನಾವು ಮೂವರದು: ನಾನು, ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಗೆಳೆಯ, ಮಸ್ಕತ್‌ನಲ್ಲಿರೋ ಚಿಕ್ಕಪ್ಪನ ಮಗ. ಅಂದಾಜು 1.2 ಕೋಟಿ, ಮುಗಿದಿದ್ದು 1.38ರ ಹತ್ತಿರ. ಬೋರು 650 ಅಡಿ ಹೋದರೂ ಬರೀ ಧೂಳು. ಮೇಷ್ಟ್ರ ಬಾಡಿಗೆ ಮನೆಗೆ ತಿಂಗಳಿಗೆ 14 ಸಾವಿರ, 17 ತಿಂಗಳು, ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡನೇ ಮೋಲ್ಡ್ (ತಾರಸಿ ಕಾಂಕ್ರೀಟ್) ಹೊತ್ತಿಗೆ ಕೈ ಖಾಲಿ. ಒಂದು ಫ್ಲ್ಯಾಟನ್ನ 50 ಲಕ್ಷಕ್ಕೇ ಬಿಟ್ಟೆ, ಹೊಟ್ಟೆ ಉರೀತು. ಉಳಿದೆರಡು 60ರ ಆಸುಪಾಸಿಗೆ ಹೋದವು. ಬಡ್ಡಿ, ಟ್ಯಾಕ್ಸು ಎಲ್ಲ ಕಳೆದು 22 ಲಕ್ಷ ಉಳಿದಿರಬೇಕು, ಮೂರು ಪಾಲು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಅರ್ಧ ತಾರಸಿಗೆ ಸುಣ್ಣಕ್ಕೆ ಫೆವಿಕಾಲ್ ಕಲಸಿ ಬಳಿಸಿದೆ. ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ಬಳಿದ ಕಡೆ ನಿಲ್ಲಬಹುದು, ಬಳಿಯದ ಕಡೆ ಕುಣೀಬೇಕು. ಮೇಲಿನ ಮನೆಯವರು ಫ್ಯಾನ್ ಸಾಕು ಅಂತಾರೆ. ಖರ್ಚು ಮೂರು ಸಾವಿರವೂ ಆಗಿಲ್ಲ.

ಮಾವನವರ ಸ್ನೇಹಿತರಿಗೆ ವಂಶವೃಕ್ಷ ತರೋಕೆ ಹೇಳಿದ್ದೇನೆ. ಮೂವರು ತಂಗಿಯರಂತೆ, ಒಬ್ಬರು ಅಮೆರಿಕದಲ್ಲಿ. ಅಡ್ವಾನ್ಸ್ ಎಷ್ಟು ಅಂತ ಕೇಳಿದರು. ಸುಮ್ನೆ ಕಾಫಿ ಕುಡಿದು ಬಂದೆ.